ಸದ್ದಿಲ್ಲದ ತಿಂಗಳಲ್ಲಿ ಆಲ್ಫ್ರೆಡ್ ಬಾಬ್

ರಮ್ಜಾನ್ ಶುರುವಾಗುವ ಹಿಂದಿನ ದಿನ ಮಧ್ಯಾಹ್ನ ಆಲ್ಫ್ರೆಡ್ ಬಾಬ್ ಮಸ್ಕತ್‌ನ ಹಮ್ರಿಯಾದಲ್ಲಿದ್ದ ನಮ್ಮ ಮನೆಗೆ ಬಂದರು. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಅವರ ಪೆಟ್ಟಿಗೆ ಕಂಕುಳಲ್ಲಿತ್ತು. ಬಾಗಿಲು ತೆರೆದ ಕೂಡಲೇ ಕೇಳಿದ್ದು, "ಸ್ಟ್ಯಾನ್ಲಿ ಮಲಗಿದ್ದಾನಾ?"

"ಹೌದು. ಎಬ್ಬಿಸ್ತೇನೆ, ಕೂತ್ಕೊಳ್ಳಿ."

"ಬೇಡ ಬಾಯೆ. ನಿನ್ನ ಹತ್ರ ಮಾತಾಡ್ಲಿಕ್ಕುಂಟು."

ಚಹಾ ಮಾಡಿಕೊಟ್ಟೆ. ಮುಟ್ಟಲಿಲ್ಲ. ಆಗ ತಾನೇ ನಡೆಯಲು ಕಲಿಯುತ್ತಿದ್ದ ನನ್ನ ಮಗಳು ಡಾಲಿ ಗೋಡೆ ಹಿಡಿದುಕೊಂಡು ಅವರ ಮೊಣಕಾಲಿನವರೆಗೆ ಬಂದಳು. ಯಾವಾಗಲೂ ಅವಳನ್ನು ಎತ್ತಿ ತೊಡೆಯ ಮೇಲೆ ಕುಣಿಸುವ ಮನುಷ್ಯ ಅವತ್ತು ಅವಳ ತಲೆಯ ಮೇಲೆ ಕೈಯಿಟ್ಟು ಹಾಗೇ ಕೂತುಬಿಟ್ಟರು.

"ಈದ್ ಆದ ಮೇಲೆ ಹೋಟೆಲ್‌ನಲ್ಲಿ ಬ್ಯಾಂಡ್ ಇಲ್ಲ," ಎಂದರು. "ಒಬ್ಬ ಸಾಕಂತೆ. ನಾನು, ಈ ಪೆಟ್ಟಿಗೆ."

"ಮತ್ತೆ ಸ್ಟ್ಯಾನ್ಲಿ?"

"ಸ್ಟ್ಯಾನ್ಲಿ ಇದರೊಳಗೆ ಉಂಟಲ್ಲ." ಬೆಡ್‌ಶೀಟಿನ ಮೇಲೆ ಬೆರಳಿನಿಂದ ಮೆಲ್ಲ ಕುಟ್ಟಿದರು. "ನಾನು ಹೇಳಿದ್ದಲ್ಲ. ಮ್ಯಾನೇಜರ್ ಹೇಳಿದ್ದು. ನಗ್ತಾ ಹೇಳಿದ."

ನನ್ನ ಕೈಯಲ್ಲಿ ಡಾಲಿಯ ಹಾಲಿನ ಬಾಟಲಿ ಇತ್ತು. ಅದನ್ನು ಎಲ್ಲಿಡಬೇಕೆಂದು ಗೊತ್ತಾಗದೆ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದೆ.

ಅದು ತೊಂಬತ್ತೊಂದನೆಯ ಇಸವಿ. ಕುವೈತ್ ಯುದ್ಧ ಮುಗಿದಿತ್ತು, ಆದರೆ ಮಸ್ಕತ್‌ನ ಹೋಟೆಲ್‌ಗಳಿಗೆ ಹೊರಗಿನ ಜನ ಬರುವುದು ಇನ್ನೂ ಶುರುವಾಗಿರಲಿಲ್ಲ. ನನ್ನ ಗಂಡ ಸ್ಟ್ಯಾನ್ಲಿ ರೂವಿ ಕಡೆಯ ಒಂದು ಹೋಟೆಲ್‌ನ ಲಾಂಜಿನಲ್ಲಿ ಡ್ರಮ್ ಬಾರಿಸುತ್ತಿದ್ದ. ಆಲ್ಫ್ರೆಡ್ ಬಾಬ್ ಅಲ್ಲಿ ಆರ್ಗನ್ ನುಡಿಸುತ್ತಿದ್ದರು. ಬ್ಯಾಂಡ್ ಅಂದರೆ ಇಬ್ಬರೇ. ಇಬ್ಬರ ವೀಸಾವೂ ಹೋಟೆಲ್‌ನದೇ. ಸ್ಟ್ಯಾನ್ಲಿಯ ವೀಸಾ ಹೋದರೆ ನನ್ನದೂ ಡಾಲಿಯದೂ ಅದರ ಜೊತೆಗೇ ಹೋಗುತ್ತದೆ. ಇನ್ನೊಂದು ಕಡೆ ಸೇರಿಕೊಳ್ಳಲು ಹೋಟೆಲ್‌ನ ಕಫೀಲ್, ಅಂದರೆ ನಮಗೆ ವೀಸಾ ಕೊಟ್ಟ ಅರಬ್ ಧಣಿ, ಬಿಡುಗಡೆ ಕಾಗದ ಕೊಡಬೇಕು, ಎಲ್ಲರೂ ಅದನ್ನು ಎನ್‌ಒಸಿ ಎನ್ನುತ್ತಾರೆ. ಕೊಟ್ಟರೂ, ಡ್ರಮ್ ಬಾರಿಸುವವನನ್ನು ಯಾವ ಕಂಪನಿ ಸೇರಿಸಿಕೊಳ್ಳುತ್ತದೆ? ಅವನಿಗೆ ಟೈಪಿಂಗ್ ಬಾರದು, ಡ್ರೈವಿಂಗ್ ಲೈಸೆನ್ಸ್ ಇಲ್ಲ. ಊರಲ್ಲಿ ಮದುವೆ ಸೀಸನ್ ಬಿಟ್ಟರೆ ಅವನ ಕೈಗೆ ಕೆಲಸವಿಲ್ಲ.

"ನಾನು ಕಫೀಲ್‌ನ ಹತ್ರ ಹೋಗಿ ಮಾತಾಡ್ತೇನೆ," ಎಂದರು ಆಲ್ಫ್ರೆಡ್ ಬಾಬ್. "ಅಲ್ಲಿವರೆಗೆ ಸ್ಟ್ಯಾನ್ಲಿಗೆ ಹೇಳ್ಬೇಡ. ಅವನ ಸಿಟ್ಟು ನಿನಗೆ ಗೊತ್ತುಂಟು. ಮ್ಯಾನೇಜರ್‌ನ ರೂಮಿಗೆ ನುಗ್ಗಿ ಎಂತಾದ್ರೂ ಅಂದ್ರೆ ಖಲಾಸ್."

ಪೆಟ್ಟಿಗೆಯನ್ನು ನಮ್ಮ ಮಂಚದ ಕೆಳಗೆ ತಳ್ಳಿ, ಇದು ಹೋಟೆಲ್‌ನಲ್ಲಿರುವುದು ಬೇಡ ಎಂದು ಹೇಳಿ ಇಳಿದು ಹೋದರು.

ಆಲ್ಫ್ರೆಡ್ ಬಾಬ್ ಯಾರು ಎಂದು ಇಲ್ಲೇ ಹೇಳಿಬಿಡುತ್ತೇನೆ. ಬಾಬ್ ಎಂಬುದು ನಮ್ಮ ಕೊಂಕಣಿಯಲ್ಲಿ ಹಿರಿಯರನ್ನು ಕರೆಯುವ ಮಾತು. ಅವರನ್ನು ಮೊದಲ ಸಲ ನೋಡಿದವರೆಲ್ಲ ಕೇಳುವ ಪ್ರಶ್ನೆಯೊಂದಿದೆ: "ನೀವು ಯಾವ ದೇಶದವರು?" ಗುಂಗುರು ಕೂದಲು, ಅಗಲ ಮೂಗು, ನಮ್ಮವರಿಗಿಂತ ಒಂದು ಗೇಣು ಹೆಚ್ಚು ಎತ್ತರ. ಅವರು ಕಲ್ಯಾಣಪುರದವರು ಎಂದರೆ ಯಾರೂ ನಂಬುವುದಿಲ್ಲ. ಅವರ ಅಪ್ಪ ಹಡಗಿನಲ್ಲಿ ಅಡುಗೆಯವನಾಗಿದ್ದು, ಟ್ರಿನಿಡಾಡ್ ದ್ವೀಪದಲ್ಲಿ ಇಳಿದು, ಅಲ್ಲೇ ಒಬ್ಬ ಕಪ್ಪು ಹೆಂಗಸನ್ನು ಇಗರ್ಜಿಯಲ್ಲಿ ಮದುವೆಯಾದವರು. ಆಕೆ ತೀರಿಕೊಂಡಾಗ ಆಲ್ಫ್ರೆಡ್ ಬಾಬ್ ಇನ್ನೂ ಮೊದಲ ಪರಮಪ್ರಸಾದ, ನಮ್ಮ ಮಾತಿನ ಕುಮ್ಗಾರ್, ತೆಗೆದುಕೊಳ್ಳದ ಹುಡುಗ. ಅಪ್ಪ ಅವರನ್ನು ಕಲ್ಯಾಣಪುರದ ಅಜ್ಜಿಯ ಮನೆಯಲ್ಲಿ ಬಿಟ್ಟು ಮತ್ತೆ ಹಡಗು ಹತ್ತಿದರು. ಅಜ್ಜಿ ದಿನಾ ತೆಂಗಿನೆಣ್ಣೆ ಹಚ್ಚಿ ಆ ಕೂದಲನ್ನು ನೇರ ಮಾಡಲು ನೋಡಿದರಂತೆ. "ನನ್ನ ಕೂದಲು ಗೆದ್ದಿತು, ಅಜ್ಜಿ ಸೋತರು," ಎಂದು ಹೇಳಿ ನಗುತ್ತಿದ್ದರು.

ಇಗರ್ಜಿಯ ಹಾರ್ಮೋನಿಯಂನಲ್ಲಿ ಕೈ ಕುದುರಿಸಿಕೊಂಡು, ಮುಂಬಯಿಯ ಹೋಟೆಲ್ ಬ್ಯಾಂಡುಗಳಲ್ಲಿ ಜಾಝ್ ಕಲಿತು, ಎಂಬತ್ತಮೂರರಲ್ಲಿ ಮಸ್ಕತ್‌ಗೆ ಬಂದರು. ಹೆಂಡತಿ ವಿಕ್ಟೋರಿಯಾ ಮತ್ತು ಇಬ್ಬರು ಗಂಡುಮಕ್ಕಳು ಊರಲ್ಲೇ ಇದ್ದರು. ಇಲ್ಲಿ ಇನ್ನಿಬ್ಬರ ಜೊತೆ ಒಂದು ಕೋಣೆ. ಶುಕ್ರವಾರ ಬೆಳಿಗ್ಗೆ ರೂವಿಯ ಇಗರ್ಜಿಯಲ್ಲಿ ಆರ್ಗನ್ ಅವರದೇ. ಕುಮ್ಗಾರ್ ತೆಗೆದುಕೊಳ್ಳಲು ಜನ ಸಾಲು ನಿಂತಾಗ ಅವರ ಎಡಗೈ ಮೆಲ್ಲಗೆ ತೂಗಲು ಶುರುಮಾಡುತ್ತಿತ್ತು. ಸಾಲಿನಲ್ಲಿದ್ದ ಮುದುಕಿಯರೂ ಗೊತ್ತಿಲ್ಲದೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ವಾಲುತ್ತಿದ್ದರು. ಪಾದ್ರಿಗಳು ಒಮ್ಮೆ ಕರೆದು, "ಆಲ್ಫ್ರೆಡ್, ಇದು ಮಿಸಾ, ಪೂಜೆ. ಮದುವೆ ಹಿಂದಿನ ದಿನದ ರೋಸ್ ಕುಣಿತ ಅಲ್ಲ," ಎಂದಿದ್ದರಂತೆ. "ಹೌದು ಫಾದರ್, ಆದ್ರೆ ಕೈ ನನ್ನ ಅಮ್ಮನದು," ಎಂದು ಇವರು.

ಅಮ್ಮನ ನೆನಪು ಅಂದರೆ ಅವರಿಗೆ ಒಂದು ಸದ್ದು. ಸೋದರಮಾವನ ಅಂಗಳದಲ್ಲಿ ಗಂಡಸರು ಖಾಲಿ ಎಣ್ಣೆ ಡ್ರಮ್ಮಿನ ತಳವನ್ನು ಸುತ್ತಿಗೆಯಿಂದ ಬಡಿದು ಬಟ್ಟಲಿನ ಹಾಗೆ ತಗ್ಗಿಸಿ, ಅದರಲ್ಲಿ ಸ್ವರ ಹುಟ್ಟಿಸುತ್ತಿದ್ದರು. ಕೋಲಿನ ತುದಿಗೆ ರಬ್ಬರ್ ಸುತ್ತಿ ಬಾರಿಸಿದರೆ ಗಂಟೆಯೂ ಅಲ್ಲದ, ನೀರೂ ಅಲ್ಲದ ಒಂದು ನಾದ. ಒಮಾನ್‌ಗೆ ಬಂದು, ಎಲ್ಲಿ ನೋಡಿದರೂ ಎಣ್ಣೆ ಡ್ರಮ್ಮುಗಳು ಬಿದ್ದಿರುವುದನ್ನು ಕಂಡು ಅವರಿಗೆ ತಡೆಯಲಾಗಲಿಲ್ಲ. ಸ್ಟ್ಯಾನ್ಲಿಯನ್ನು ಎಳೆದುಕೊಂಡು ಅಲ್ ಮಬೇಲಾದ ಗ್ಯಾರೇಜುಗಳ ಹಿಂದೆ ಎಷ್ಟೋ ಶುಕ್ರವಾರ ಕಳೆದರು. ಬಡಿದು ಬಡಿದು ಹಲವು ಡ್ರಮ್ಮು ಹಾಳುಮಾಡಿದರು. ಗ್ಯಾರೇಜಿನವರು ಇವರಿಗೆ ಹುಚ್ಚು ಎಂದು ತೀರ್ಮಾನ ಮಾಡಿ ಚಹಾ ಕೊಡುತ್ತಿದ್ದರು. ಕೊನೆಗೆ ಒಂದರಲ್ಲಿ ಐದು ಸ್ವರ ಸರಿಯಾಗಿ ಬಂತು. ಆ ಐದನ್ನು ತಮ್ಮ ಪೆಟ್ಟಿಗೆಯಲ್ಲಿ ಹಿಡಿದಿಟ್ಟು, ಉಳಿದ ಸ್ವರಗಳನ್ನು ಅದರಿಂದಲೇ ಹಿಗ್ಗಿಸಿ ಹುಟ್ಟಿಸಿಕೊಂಡರು. ಪೆಟ್ಟಿಗೆ ಅಂದರೆ ಒಂದು ಎಲೆಕ್ಟ್ರಾನಿಕ್ ಯಂತ್ರ. ಯಾವ ಸದ್ದು ಕೊಟ್ಟರೂ ಇಟ್ಟುಕೊಳ್ಳುತ್ತದೆ, ಹೇಳಿದ ಹೊತ್ತಿಗೆ ಹೇಳಿದಷ್ಟು ಸಲ ನುಡಿಯುತ್ತದೆ.

ಲಾಂಜಿನಲ್ಲಿ ಅವರ ಬಲಗೈ ಜಾಝ್ ನುಡಿಸಿದರೆ, ಅದರ ಹಿಂದೆ ಅಲ್ ಮಬೇಲಾದ ಎಣ್ಣೆ ಡ್ರಮ್ಮು ಮಿನುಗುತ್ತಿತ್ತು. ಎಣ್ಣೆ ಕಂಪನಿಯ ಸಾಹೇಬರು ತಟ್ಟೆಯಿಂದ ತಲೆ ಎತ್ತಿ ನೋಡುತ್ತಿದ್ದರು.

ಆ ಪೆಟ್ಟಿಗೆಯೊಳಗೆ ಸ್ಟ್ಯಾನ್ಲಿ ಹೋದದ್ದು ಸ್ಟ್ಯಾನ್ಲಿಯದೇ ಉತ್ಸಾಹದಿಂದ. ಇಗರ್ಜಿಯ ಹಾಲ್‌ಗೆ, ನಮ್ಮವರ ಮದುವೆಯ ಪಾರ್ಟಿಗಳಿಗೆ ಡ್ರಮ್ ಸೆಟ್ ಹೊತ್ತುಕೊಂಡು ಹೋಗುವುದು ಕಷ್ಟ. "ಒಂದೊಂದು ಪೆಟ್ಟನ್ನೂ ಇದರಲ್ಲಿ ಹಾಕಿಬಿಡುವ," ಎಂದು ಇವನೇ ಹೇಳಿದ್ದು. ಮಧ್ಯಾಹ್ನಗಳಲ್ಲಿ ಖಾಲಿ ಲಾಂಜಿನಲ್ಲಿ ಕೂತು ಬಾರಿಸಿದ, ಅವರು ತುಂಬಿಸಿಕೊಂಡರು. ಮನೆಗೆ ಬಂದು ನನ್ನ ಹತ್ತಿರ, "ನಾನು ಸತ್ತ ಮೇಲೂ ಆಲ್ಫ್ರೆಡ್ ಬಾಬ್ ನನ್ನನ್ನು ಬಾರಿಸ್ತಾರೆ, ನೋಡು!" ಎಂದು ಹೆಮ್ಮೆಪಟ್ಟಿದ್ದ. ಆ ಪೆಟ್ಟಿಗೆಯನ್ನು ನಮ್ಮವರ ಒಂದು ಮದುವೆಯಲ್ಲಿ ಹೋಟೆಲ್‌ನ ಹೊಸ ಮ್ಯಾನೇಜರ್ ಕೇಳಿಸಿಕೊಂಡ. ಡ್ರಮ್ಮರ್ ಇಲ್ಲದೆ ಡ್ರಮ್. ಅವನು ಅದನ್ನು ಮರೆಯಲಿಲ್ಲ.

ಹೇಳಬೇಡ ಎಂದಿದ್ದರು. ಸಂಜೆಯವರೆಗೆ ತಡೆದುಕೊಂಡೆ. ಸ್ಟ್ಯಾನ್ಲಿ ಡಾಲಿಗೆ ಅನ್ನ ತಿನ್ನಿಸುತ್ತ, ಈದ್‌ಗೆ ಹೊಸ ಹಾಡು ಯಾವುದು ಎಂದು ಗುನುಗುತ್ತಿದ್ದ. ಆ ಗುನುಗು ನನ್ನಿಂದ ಕೇಳಲಾಗಲಿಲ್ಲ. ಹೇಳಿಬಿಟ್ಟೆ.

ಅವನು ಕೂಗಾಡಲಿಲ್ಲ. ಡಾಲಿಯ ಬಾಯಿ ಒರೆಸಿದ, ತಟ್ಟೆ ತೊಳೆದಿಟ್ಟ. ಮಂಚದ ಕೆಳಗಿನ ಪೆಟ್ಟಿಗೆಯನ್ನು ಹೊರಗೆಳೆದು, ಬೆಡ್‌ಶೀಟ್ ಬಿಚ್ಚಿ, ಅದರ ಮುಂದೆ ತುಂಬ ಹೊತ್ತು ಕೂತ. ನನಗೆ ಒಂದೇ ಭಯ, ಎತ್ತಿ ಕಿಟಕಿಯಿಂದ ಒಗೆದುಬಿಡುತ್ತಾನೆ ಎಂದು. ಡಾಲಿಯನ್ನು ಅವನ ತೊಡೆಯ ಮೇಲೆ ಕೂರಿಸಿದೆ. ಮಗು ಕೈಯಲ್ಲಿದ್ದರೆ ಒಗೆಯಲಾರ ಎಂಬುದು ನನ್ನ ಲೆಕ್ಕ.

ಮರುದಿನ ಆಲ್ಫ್ರೆಡ್ ಬಾಬ್ ಮೆಟ್ಟಿಲು ಹತ್ತಿ ಬರುವಾಗ ಸ್ಟ್ಯಾನ್ಲಿ ಬಾಗಿಲಲ್ಲೇ ನಿಂತಿದ್ದ.

"ಬನ್ನಿ ಪಾತ್ರಾಂವ್," ಎಂದ. ಊರಲ್ಲಿ ಕೂಲಿಯವರು ಧಣಿಗಳನ್ನು ಕರೆಯುವ ಹಾಗೆ. "ಒಳಗೆ ಬನ್ನಿ. ನನ್ನ ಕೈ ಇಲ್ಲೇ ಉಂಟು. ಇನ್ನೂ ಸ್ವಲ್ಪ ಬೇಕಾದ್ರೆ ತುಂಬಿಸ್ಕೊಂಡು ಹೋಗಿ."

"ಸ್ಟ್ಯಾನ್ಲಿ, ಕೂತ್ಕೋ."

"ಇನ್ನು ಕೂತ್ಕೊಳ್ಳುದೇ. ಊರಿಗೆ ಹೋಗಿ ಕೂತ್ಕೊಳ್ಳುದು. ಶಿರ್ವದಲ್ಲಿ ಪಿಯುಸ್ ಟೆಂಪೋ ಓಡಿಸ್ತಾನೆ, ನಾನು ಅದಕ್ಕೆ ಕ್ಲೀನರ್. ಅವನ ಕೆಲಸ ನಿಮ್ಮ ಕಾಲು ತಿಂದ್ತು. ನನ್ನದು ನಿಮ್ಮ ಪೆಟ್ಟಿಗೆ ತಿಂದ್ತು. ಒಳ್ಳೆ ಊಟ!"

ಪಿಯುಸ್ ನಾನು ಇಲ್ಲಿಗೆ ಬರುವ ಮೊದಲು ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದವನು. ಆಲ್ಫ್ರೆಡ್ ಬಾಬ್ ಆರ್ಗನ್ನಿನ ಪೆಡಲುಗಳ ಮೇಲೆ ಎಡಗಾಲಿನಿಂದ ಬೇಸ್ ನುಡಿಸಲು ಶುರುಮಾಡಿದ ವರ್ಷ, ಹೋಟೆಲ್‌ನವರು ಅವನನ್ನು ಕಳಿಸಿಬಿಟ್ಟಿದ್ದರು. ಈ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಆಲ್ಫ್ರೆಡ್ ಬಾಬ್‌ರ ಮುಂದೆ ಎತ್ತುತ್ತಿರಲಿಲ್ಲ.

ಎದುರು ಮನೆಯ ಲೋಲಾಕ್ಷಿ, ಕಾರ್ಕಳದ ಕಡೆಯವಳು, ಬಾಗಿಲು ಸ್ವಲ್ಪವೇ ತೆರೆದು ಇಣುಕಿದಳು. ತುಳುವರು ನಮ್ಮ ಕ್ರೈಸ್ತರನ್ನು ಪೊರ್ಬುಗಳು ಎನ್ನುತ್ತಾರೆ. "ಎಂತ ಜೇನ್, ಪೊರ್ಬುಗಳಿಗೂ ಪೊರ್ಬುಗಳಿಗೂ ಜಗಳವಾ? ಉಪವಾಸದ ತಿಂಗಳು ಮಾರಾಯ್ರೆ, ಕೆಳಗಿನವರು ಕೇಳಿಸಿಕೊಳ್ತಾರೆ. ಒಳಗೆ ಹೋಗಿ ಹೊಡೆದಾಡಿ!"

ಒಳಗೆ ಬಂದರು. ಆಲ್ಫ್ರೆಡ್ ಬಾಬ್ ಕೂರಲಿಲ್ಲ.

"ಪಿಯುಸ್‌ಗೆ ನಾನು ಒಂದು ಮಾತು ಹೇಳ್ಲಿಲ್ಲ," ಎಂದರು. "ಏರ್‌ಪೋರ್ಟ್‌ಗೆ ಹೋದೆ, ಅವನ ಬ್ಯಾಗ್ ಹಿಡ್ಕೊಂಡೆ, ಬಂದೆ. ಸಂಜೆ ಲಾಂಜಿನಲ್ಲಿ ನುಡಿಸಿದೆ. ಜನ ಚಪ್ಪಾಳೆ ತಟ್ಟಿದ್ರು. ಯಾರಿಗೂ ಗೊತ್ತೇ ಆಗ್ಲಿಲ್ಲ, ಒಬ್ಬ ಮನುಷ್ಯ ಕಡಿಮೆ ಆಗಿದ್ದು." ಬಾಗಿಲು ಮುಚ್ಚಿ ಅಂದರು, "ಈಗ ನಾನು ಅಲ್ ಖುವೈರ್‌ನಿಂದ ಬರ್ತಾ ಇದ್ದೇನೆ. ಕಫೀಲ್‌ನ ಆಫೀಸಿನಿಂದ. ಒಬ್ಬ ಸಾಕು ಅಂತ ಮ್ಯಾನೇಜರ್ ಹೇಳಿದ್ದಲ್ವಾ? ಯಾವ ಒಬ್ಬ ಅಂತ ಕೇಳಿ ಬಂದೆ."

ಸ್ಟ್ಯಾನ್ಲಿ ತಲೆ ಎತ್ತಿದ.

"ಪೆಟ್ಟಿಗೆ ಡ್ರಮ್ ಬಾರಿಸಬಹುದಾದ್ರೆ ಆರ್ಗನ್ನೂ ನುಡಿಸಬಹುದು. ನನ್ನ ಎರಡು ಕೈಯನ್ನೂ ನಾನು ಅದರೊಳಗೆ ಹಾಕ್ತೇನೆ. ನೀನು ಹೊರಗೆ ಕೂತು ಬಾರಿಸು, ಹಾಡು. ಜನಕ್ಕೆ ಬೆವರುವವನು ಒಬ್ಬ ಕಣ್ಣಿಗೆ ಕಾಣ್ಬೇಕು. ನಾನು ಕೂತು ನುಡಿಸಿದ್ರೆ ಬ್ಯಾಂಕಿನ ಕ್ಲಾರ್ಕ್‌ನ ಹಾಗೆ ಕಾಣ್ತೇನೆ."

"ನೀವು?"

"ರೂವಿಯಲ್ಲಿ ವಾದ್ಯದ ಅಂಗಡಿಯವನು ಕರೀತಾ ಇದ್ದಾನೆ, ಕೀಬೋರ್ಡ್ ಮಾರ್ಲಿಕ್ಕೆ, ರಿಪೇರಿ ಮಾಡ್ಲಿಕ್ಕೆ. ನನಗೆ ಎನ್‌ಒಸಿ ಸಿಕ್ಕಿದ್ರೆ ಕೆಲಸ ಉಂಟು. ನಿನಗೆ ಎನ್‌ಒಸಿ ಸಿಕ್ಕಿದ್ರೆ ಎಂತ ಉಂಟು?"

ಕಫೀಲ್ ಏನು ಹೇಳಿದರು ಎಂದು ನಾನೇ ಕೇಳಿದೆ.

ವಯಸ್ಸಾದ ಮನುಷ್ಯ, ಎಲ್ಲ ಕೇಳಿಸಿಕೊಂಡರಂತೆ. ಈದ್‌ನ ಎರಡನೆಯ ಸಂಜೆ ಮನೆಯವರನ್ನು ಕರೆದುಕೊಂಡು ಲಾಂಜಿಗೆ ಬರುತ್ತೇನೆ, ಡ್ರಮ್ಮಿನವನು ನುಡಿಸಲಿ ಎಂದರಂತೆ. ಚೆನ್ನಾಗಿದ್ದರೆ ಅವನು ಉಳಿಯುತ್ತಾನೆ, ಆಲ್ಫ್ರೆಡ್‌ಗೆ ಬಿಡುಗಡೆ. ಕೆಟ್ಟರೆ ಆಲ್ಫ್ರೆಡ್ ಉಳಿಯಬೇಕು, ಡ್ರಮ್ಮಿನವನು ಊರಿಗೆ. "ಯಲ್ಲಾ, ಇನ್ನು ಈದ್ ಮುಗಿದ ಮೇಲೆ ಮಾತು," ಎಂದು ಕೈ ಬೀಸಿದರಂತೆ.

ಒಂದು ಸಂಜೆ. ನಮ್ಮ ಮೂವರ ಇರುವಿಕೆ ಆ ಒಂದು ಸಂಜೆಯ ಮೇಲೆ ನಿಂತಿತು.

ರಮ್ಜಾನಿನಲ್ಲಿ ಇಲ್ಲಿ ಹೋಟೆಲ್‌ಗಳಲ್ಲಿ ವಾದ್ಯ ನುಡಿಸುವಂತಿಲ್ಲ. ಲಾಂಜಿಗೆ ಬೀಗ. ನುಡಿಸುವವರಿಗೆಲ್ಲ ವರ್ಷದಲ್ಲಿ ಒಂದು ತಿಂಗಳು ಸದ್ದಿಲ್ಲದ ರಜೆ. ಬೇರೆ ವರ್ಷ ಆ ತಿಂಗಳು ಸ್ಟ್ಯಾನ್ಲಿ ಮಲಗಿಯೇ ಕಳೆಯುತ್ತಿದ್ದ. ಈಗ ಅದೇ ತಿಂಗಳಲ್ಲಿ, ಸದ್ದು ಮಾಡದೆ, ಹೊಸದನ್ನು ಕಲಿಯಬೇಕಾಗಿತ್ತು. ಕೆಳಗಿನ ಮನೆಯಲ್ಲಿ ಉಪವಾಸ ಹಿಡಿದವರು, ಪಕ್ಕದಲ್ಲಿ ಮಸೀದಿ. ಹಗಲು ಮೀನು ಹುರಿಯುವುದಿದ್ದರೂ ನಾನು ಕಿಟಕಿ ಮುಚ್ಚಿ ಹುರಿಯುತ್ತಿದ್ದೆ. ಅಂಥದ್ದರಲ್ಲಿ ಡ್ರಮ್ ಹೇಗೆ?

ಆಲ್ಫ್ರೆಡ್ ಬಾಬ್ ದಾರಿ ಹುಡುಕಿದರು. ನಮ್ಮ ಮಂಚದ ಮೇಲಿನ ದಿಂಬುಗಳೇ ಡ್ರಮ್ಮು. ಗಟ್ಟಿ ದಿಂಬು ಒಂದು ಸ್ವರ, ಡಾಲಿಯ ಮೆತ್ತನೆಯ ದಿಂಬು ಇನ್ನೊಂದು. ಹಿತ್ತಾಳೆ ತಾಳದ ಬದಲು ಮಡಿಸಿದ ಟವಲು. ಪೆಟ್ಟಿಗೆಯಿಂದ ಎರಡು ಹೆಡ್‌ಫೋನ್, ಒಂದು ಅವರ ಕಿವಿಗೆ, ಒಂದು ಸ್ಟ್ಯಾನ್ಲಿಯ ಕಿವಿಗೆ. ಇಬ್ಬರು ಗಂಡಸರು ನೆಲದ ಮೇಲೆ ಎದುರೆದುರು ಕೂತು, ನಮಗೆ ಯಾರಿಗೂ ಕೇಳದ ಹಾಡಿಗೆ ತಲೆ ಆಡಿಸುತ್ತಿದ್ದರು. ಕೋಣೆಯಲ್ಲಿ ದಿಂಬಿನ ಸದ್ದು ಮಾತ್ರ, ದಪ್, ದಪ್, ದಪ್.

"ಜೇನ್, ನಿಮ್ಮಲ್ಲಿ ಹಗಲಿಡೀ ಹತ್ತಿ ಬಡಿಯುದಾ?" ಎಂದು ಲೋಲಾಕ್ಷಿ ಕೇಳಿದಳು. "ಹಾಸಿಗೆ ಅಂಗಡಿ ಇಡ್ತೀರಾದ್ರೆ ನನಗೂ ಒಂದು ಮಾಡಿಕೊಡಿ."

ಮೊದಲ ವಾರ ಆಲ್ಫ್ರೆಡ್ ಬಾಬ್ ಪೆಟ್ಟಿಗೆಯನ್ನು ತಮ್ಮ ಕೋಣೆಗೆ ಒಯ್ದು, ಒಂದು ಸಣ್ಣ ಕೀಬೋರ್ಡ್ ಜೋಡಿಸಿ ಕೂತು ಒಂದೊಂದೇ ಹಾಡಿನ ಆರ್ಗನ್ನನ್ನು ಪೆಟ್ಟಿಗೆಗೆ ತುಂಬಿಸಿದರು. ಬಲಗೈ, ಎಡಗೈ, ಎಡಗಾಲಿನ ಬೇಸ್, ಮಬೇಲಾದ ಎಣ್ಣೆ ಡ್ರಮ್ಮು. ಹಾಡಿಗೊಂದು ಫ್ಲಾಪಿ. ಎರಡನೆಯ ವಾರ ಇಬ್ಬರೂ ಸೇರಿ ಕೂತರು. ಆಗ ಶುರುವಾಯಿತು ತೊಂದರೆ.

ಸ್ಟ್ಯಾನ್ಲಿ ಓಡುತ್ತಾನೆ. ಹಾಡು ಖುಷಿಗೆ ಬಂದರೆ ಅವನ ಕೈ ತಾಳಕ್ಕಿಂತ ಮುಂದೆ ಹೋಗುತ್ತದೆ. ಅದು ಅವನಿಗೇ ಗೊತ್ತಿರಲಿಲ್ಲ. ಇಷ್ಟು ವರ್ಷ ಗೊತ್ತಾಗುವ ಸಂದರ್ಭವೇ ಬಂದಿರಲಿಲ್ಲ, ಯಾಕೆಂದರೆ ಜೊತೆಗೆ ಆಲ್ಫ್ರೆಡ್ ಬಾಬ್ ಇದ್ದರು. ಈಗ ಪೆಟ್ಟಿಗೆ. ಪೆಟ್ಟಿಗೆ ಯಾರಿಗೂ ಕಾಯುವುದಿಲ್ಲ, ಯಾರ ಜೊತೆಗೂ ಓಡುವುದಿಲ್ಲ. ಹಾಡಿನ ಅರ್ಧ ದಾಟುತ್ತಲೇ ಸ್ಟ್ಯಾನ್ಲಿಯ ದಿಂಬು ಬೇರೆ, ಆಲ್ಫ್ರೆಡ್ ಬಾಬ್‌ರ ತಲೆಯಾಟ ಬೇರೆ. ಅವರು ಹಾಡು ನಿಲ್ಲಿಸುತ್ತಿದ್ದರು. ಮತ್ತೆ ಮೊದಲಿನಿಂದ.

"ಪೆಟ್ಟಿಗೆ ಹಿಂದೆ ಬಿತ್ತು," ಎನ್ನುತ್ತಿದ್ದ ಸ್ಟ್ಯಾನ್ಲಿ.

"ಪೆಟ್ಟಿಗೆ ಹಿಂದೆ ಬೀಳುದಿಲ್ಲ ಮಾರಾಯ."

"ಹಾಗಾದ್ರೆ ನಾನಾ?"

ಅವರು ಗುಂಡಿ ಒತ್ತುತ್ತಿದ್ದರು. ಮತ್ತೆ ಮೊದಲಿನಿಂದ.

ದಿನ ಕಳೆದಂತೆ ಇನ್ನೂ ಕೆಟ್ಟಿತು. ಓಡುತ್ತೇನೆ ಎಂದು ಗೊತ್ತಾದ ಮೇಲೆ ಸ್ಟ್ಯಾನ್ಲಿ ಕೈ ಬಿಗಿ ಹಿಡಿಯಲು ಶುರುಮಾಡಿದ. ಆಗ ತಾಳ ಸರಿ, ಆದರೆ ಹಾಡು ಸತ್ತ ಹಾಗೆ. ದೋಸೆ ಹುಯ್ಯುತ್ತಿದ್ದ ನನಗೂ ಅದು ಗೊತ್ತಾಗುತ್ತಿತ್ತು; ದಿಂಬಿನ ಸದ್ದಿನಲ್ಲೇ ಜೀವ ಇರಲಿಲ್ಲ. ಒಂದು ಮಧ್ಯಾಹ್ನ ಅವನು ಹೆಡ್‌ಫೋನ್ ಕಿತ್ತು ಗೋಡೆಗೆ ಒಗೆದ. ಡಾಲಿ ಅಳಲು ಶುರುಮಾಡಿದಳು.

"ನನ್ನಿಂದ ಆಗುದಿಲ್ಲ. ನೀವೇ ನುಡಿಸಿ, ನೀವೇ ಇರಿ. ನಮಗೆ ಟಿಕೆಟ್ ಮಾಡಿಸಿ ಕೊಡ್ಲಿ."

ಆಲ್ಫ್ರೆಡ್ ಬಾಬ್ ಒಡೆದ ಹೆಡ್‌ಫೋನ್ ಎತ್ತಿಕೊಂಡರು. ಅಳುವ ಡಾಲಿಯನ್ನು ಎತ್ತಿ ಅವಳ ಬೆನ್ನಿನ ಮೇಲೆ ಬೆರಳಿನಿಂದ ಮೆಲ್ಲ ಮೆಲ್ಲ ತಟ್ಟಿದರು, ಅವಳು ಸುಮ್ಮನಾಗುವವರೆಗೆ. ಆಮೇಲೆ ಕೇಳಿದರು, "ಬಾಯೆ, ನಿನ್ನ ಟೇಪ್ ರೆಕಾರ್ಡರ್ ಉಂಟಲ್ಲ, ಅದನ್ನು ಎರಡು ದಿನಕ್ಕೆ ಕೊಡ್ತೀಯಾ?"

ಅದರಲ್ಲಿ ಲಾಂಜಿನ ಕ್ಯಾಸೆಟ್ಟುಗಳಿದ್ದವು. ನಾನು ಬಾಣಂತಿಯಾಗಿ ಮನೆಯಲ್ಲೇ ಇದ್ದಾಗ, ನನಗೆ ಕೇಳಲೆಂದು ಸ್ಟ್ಯಾನ್ಲಿ ಟೇಬಲ್ಲಿನ ಕೆಳಗಿಟ್ಟು ರೆಕಾರ್ಡ್ ಮಾಡಿ ತಂದದ್ದು. ರೆಕಾರ್ಡರ್, ಕ್ಯಾಸೆಟ್ಟು, ಪೆಟ್ಟಿಗೆ, ಫ್ಲಾಪಿಗಳು ಎಲ್ಲವನ್ನೂ ಹೊತ್ತುಕೊಂಡು ಹೋದರು. ಎರಡು ದಿನ ಎಂದವರು ಈದ್ ಬಂದರೂ ಬರಲಿಲ್ಲ. ಸ್ಟ್ಯಾನ್ಲಿ ಅವರ ಕೋಣೆಗೆ ಹೋಗಿ ಬಾಗಿಲು ತಟ್ಟಿದರೆ, ಒಳಗಿನಿಂದಲೇ, "ನಾಳೆ ಬಾ," ಎಂದರಂತೆ.

ನಾನು ಅಷ್ಟರಲ್ಲಿ ಡಾಲಿಯ ಹಳೆಯ ಬಟ್ಟೆಗಳನ್ನೆಲ್ಲ ತೊಳೆದು ಮಡಿಸಿ ಸೂಟ್‌ಕೇಸಿನಲ್ಲಿ ಇಟ್ಟೆ. ಹೋಗುವುದಾದರೆ ಅವಸರದಲ್ಲಿ ಹೋಗಬಾರದು ಎಂದು. ಸ್ಟ್ಯಾನ್ಲಿ ನೋಡಿ, ಸೂಟ್‌ಕೇಸನ್ನು ಮಂಚದ ಕೆಳಗೆ ತಳ್ಳಿದ. ಇಬ್ಬರೂ ಊಟ ಮಾಡುತ್ತಿದ್ದೆವು, ಇಬ್ಬರಿಗೂ ಸೇರುತ್ತಿರಲಿಲ್ಲ.

ಈದ್‌ನ ಎರಡನೆಯ ದಿನ ಮಧ್ಯಾಹ್ನ ಆಲ್ಫ್ರೆಡ್ ಬಾಬ್ ಬಂದರು. ಗಡ್ಡ ತೆಗೆದಿರಲಿಲ್ಲ. ಪೆಟ್ಟಿಗೆಯನ್ನೂ ಫ್ಲಾಪಿಗಳನ್ನೂ ಸ್ಟ್ಯಾನ್ಲಿಯ ಕೈಗೆ ಕೊಟ್ಟರು. ನಂಬರ್ ಹಾಕಿದ್ದರು.

"ಒಮ್ಮೆ ಹಾಕಿ ನೋಡುವ," ಎಂದ ಸ್ಟ್ಯಾನ್ಲಿ.

"ನೋಡುದು ಬೇಡ. ಅಲ್ಲೇ ಹಾಕು."

"ಹುಚ್ಚಾ ನಿಮಗೆ? ಕಫೀಲ್ ಬಂದು ಕೂತಿರ್ತಾನೆ!"

"ಸ್ಟ್ಯಾನ್ಲಿ, ಒಂದು ಮಾತು ಕೇಳು. ಕೈ ಹಿಡೀಬೇಡ. ಪೆಟ್ಟಿಗೆ ಉಂಟು ಅಂತ ಮರೆತುಬಿಡು. ನಾನು ಹಿಂದೆ ಕೂತಿದ್ದೇನೆ ಅಂತ ತಿಳ್ಕೋ, ಬಾರಿಸು."

"ನೀವು ಬರುದಿಲ್ವಾ?"

"ನಾನು ಬಂದ್ರೆ ನೀನು ನನ್ನ ಮುಖ ನೋಡ್ತಿ. ಜೇನ್ ಬರ್ಲಿ. ನಾನು ಡಾಲಿಯನ್ನು ನೋಡ್ಕೊಳ್ತೇನೆ."

ಲಾಂಜಿನಲ್ಲಿ ನಾನು ಕಂಬದ ಹತ್ತಿರದ ಕುರ್ಚಿಯಲ್ಲಿ ಕೂತೆ. ಕಫೀಲ್ ದಿಶ್‌ದಾಷಾ ಎಂಬ ಬಿಳಿಯ ನಿಲುವಂಗಿ ತೊಟ್ಟು, ಮೊಮ್ಮಕ್ಕಳನ್ನು ಕರೆದುಕೊಂಡು ಮುಂದಿನ ಸೋಫಾದಲ್ಲಿ ಕೂತಿದ್ದರು. ಮ್ಯಾನೇಜರ್ ಅವರ ಪಕ್ಕದಲ್ಲಿ ನಿಂತು ಗಡಿಯಾರ ನೋಡುತ್ತಿದ್ದ. ಆರ್ಗನ್ನು ಮುಚ್ಚಿದ ಹಾಗೇ ಇತ್ತು, ಅದರ ಸ್ಟೂಲ್ ಖಾಲಿ. ಸ್ಟ್ಯಾನ್ಲಿ ಮೊದಲ ಫ್ಲಾಪಿ ಹಾಕಿ ಗುಂಡಿ ಒತ್ತಿದ.

ಆಲ್ಫ್ರೆಡ್ ಬಾಬ್‌ರ ಆರ್ಗನ್ನು ಖಾಲಿ ಸ್ಟೂಲಿನ ಹಿಂದಿನಿಂದ ಬಂತು. ಅವರು ಈಗ ಹಮ್ರಿಯಾದಲ್ಲಿ ನನ್ನ ಮಗಳಿಗೆ ಗಂಜಿ ತಿನ್ನಿಸುತ್ತಿದ್ದಾರೆ, ಇಲ್ಲಿ ಅವರ ಕೈ.

ಮೊದಲ ಹಾಡು ನಿಧಾನದ್ದು. ಸ್ಟ್ಯಾನ್ಲಿ ಹೆದರಿಕೊಂಡು ಬಾರಿಸಿದ. ಬಿದ್ದಿಲ್ಲ, ಎದ್ದೂ ಇಲ್ಲ. ಮ್ಯಾನೇಜರ್ ಕಫೀಲ್‌ನ ಕಿವಿಯಲ್ಲಿ ಏನೋ ಹೇಳಿ ನಕ್ಕ. ಕಫೀಲ್ ನಗಲಿಲ್ಲ. ಮೊಮ್ಮಗನೊಬ್ಬ ಆಕಳಿಸಿದ.

ಎರಡನೆಯದು ಟ್ರಿನಿಡಾಡಿನ ತಾಳದ್ದು. ಎಣ್ಣೆ ಡ್ರಮ್ಮಿನ ಸ್ವರ ಮಿನುಗಿತು. ಸ್ಟ್ಯಾನ್ಲಿ ಹಾಡತೊಡಗಿದ. ಆ ಹುಡುಗ ಸೋಫಾದ ಮೇಲೆ ಎದ್ದು ನಿಂತು ಕುಣಿಯಲು ಶುರುಮಾಡಿದ. ಅವನನ್ನು ನೋಡಿ ಸ್ಟ್ಯಾನ್ಲಿ ನಕ್ಕ, ಆ ನಗು ಬಂದದ್ದೇ ಅವನ ಭುಜ ಸಡಿಲವಾಯಿತು. ಆ ಭುಜ ನನಗೆ ಗೊತ್ತು. ಇನ್ನು ಓಡುತ್ತಾನೆ.

ಓಡಿದ. ಹಾಡು ಎರಡನೆಯ ಸುತ್ತಿಗೆ ತಿರುಗುವಲ್ಲಿ ಅವನ ಕೈ ಮುಂದೆ ಹಾರಿತು. ನಾನು ಕುರ್ಚಿಯ ಕೈ ಹಿಡಿದು ಕಣ್ಣು ಮುಚ್ಚಿದೆ. ಈಗ ಒಡೆಯುತ್ತದೆ, ಆರ್ಗನ್ನು ಒಂದು ಕಡೆ, ಇವನು ಒಂದು ಕಡೆ.

ಒಡೆಯಲಿಲ್ಲ. ಆರ್ಗನ್ನೂ ಓಡಿತು.

ಕಣ್ಣು ತೆರೆದೆ. ಸ್ಟ್ಯಾನ್ಲಿ ಬಾರಿಸುತ್ತಲೇ ಒಂದು ಸಲ ತಿರುಗಿ ಖಾಲಿ ಸ್ಟೂಲ್ ಕಡೆ ನೋಡಿದ. ಅವನ ಬಾಯಿಯಿಂದ ಹಾಡಿನ ಒಂದು ಸಾಲೇ ತಪ್ಪಿಹೋಯಿತು, ಅದು ಯಾರಿಗೂ ಗೊತ್ತಾಗಲಿಲ್ಲ. ಮುಂದೆ ಹಾಡು ತಗ್ಗುವಲ್ಲಿ ಅವನು ಉಸಿರು ತೆಗೆದುಕೊಳ್ಳಲು ತಾಳವನ್ನು ಸ್ವಲ್ಪ ಹಿಂದೆ ಜಗ್ಗುತ್ತಾನೆ. ಪೆಟ್ಟಿಗೆ ಅಲ್ಲಿಯೂ ಜಗ್ಗಿತು. ಕೊನೆಯ ಸುತ್ತಿನಲ್ಲಿ ಅವನು ಎಂದಿನಂತೆ ಹುಚ್ಚೆದ್ದು ಹೋದ, ಅದೂ ಅವನ ಜೊತೆಗೆ ಹೋಯಿತು. ಆ ಕ್ಯಾಸೆಟ್ಟುಗಳನ್ನು ಕೇಳಿ ಕೇಳಿ, ಸ್ಟ್ಯಾನ್ಲಿ ಎಲ್ಲಿ ಓಡುತ್ತಾನೆ, ಎಷ್ಟು ಓಡುತ್ತಾನೆ, ಎಲ್ಲಿ ನಿಲ್ಲುತ್ತಾನೆ ಎಂಬುದನ್ನೆಲ್ಲ ಹುಡುಕಿ ಆಲ್ಫ್ರೆಡ್ ಬಾಬ್ ಪೆಟ್ಟಿಗೆಗೆ ಕಲಿಸಿದ್ದರು.

ಉಳಿದ ಹಾಡುಗಳನ್ನು ನಾನು ಸರಿಯಾಗಿ ಕೇಳಲಿಲ್ಲ. ಕಣ್ಣು ಒರೆಸುವುದೇ ಆಯಿತು.

ಮುಗಿದ ಮೇಲೆ ಕಫೀಲ್ ಎದ್ದು ಸ್ಟ್ಯಾನ್ಲಿಯ ಕೈ ಕುಲುಕಿದರು. ಆಮೇಲೆ ಮುಚ್ಚಿದ ಆರ್ಗನ್ನಿನ ಮೇಲೆ ಒಂದು ಸಲ ಅಂಗೈ ಇಟ್ಟು, ಮ್ಯಾನೇಜರ್‌ಗೆ ಅರಬಿಯಲ್ಲಿ ಎರಡು ಮಾತು ಹೇಳಿ ಹೊರಟರು. ಮ್ಯಾನೇಜರ್ ನಮ್ಮ ಹತ್ತಿರ ಬಂದು, "ಸರಿ, ನೀನೇ ಇರು. ಆಲ್ಫ್ರೆಡ್‌ಗೆ ಹೇಳು, ಶನಿವಾರ ಆಫೀಸಿಗೆ ಹೋಗಿ ಎನ್‌ಒಸಿ ತೆಗೆದುಕೊಳ್ಳಲಿ," ಎಂದ.

ಮನೆಗೆ ಬಂದಾಗ ಆಲ್ಫ್ರೆಡ್ ಬಾಬ್ ನೆಲದ ಮೇಲೆ ಗೋಡೆಗೊರಗಿ ಕೂತಿದ್ದರು. ಡಾಲಿ ಅವರ ಭುಜದ ಮೇಲೆ ನಿದ್ದೆ ಹೋಗಿದ್ದಳು. ನನ್ನ ಮುಖ ನೋಡಿ, ಉಳಿದದ್ದು ಏನೂ ಕೇಳದೆ, ಮೆಲ್ಲಗೆ ಕೇಳಿದರು:

"ಓಡಿದ್ನಾ?"

"ಓಡಿದ."

"ಎರಡನೇ ಸುತ್ತಲ್ಲಿ?"

"ಹೌದು."

"ಹಾಂ." ಅಷ್ಟೇ. ತಲೆಯನ್ನು ಗೋಡೆಗೆ ಆನಿಸಿ ಕಣ್ಣು ಮುಚ್ಚಿದರು.

ಸ್ಟ್ಯಾನ್ಲಿ ಕೋಲುಗಳನ್ನು ಮೇಜಿನ ಮೇಲಿಟ್ಟು ಅವರ ಎದುರಿಗೆ ಕೂತ. ಅವನಿಗೆ ಥ್ಯಾಂಕ್ಸ್ ಹೇಳಲು ಬರುವುದಿಲ್ಲ, ಬೈಯಲು ಮಾತ್ರ ಬರುತ್ತದೆ.

"ನಾನು ಓಡುದು ನಿಮಗೆ ಯಾವಾಗ್ಲಿಂದ ಗೊತ್ತುಂಟು?"

"ಮೊದಲ ದಿನದಿಂದ."

"ಮತ್ತೆ ಇಷ್ಟು ವರ್ಷ ಬಾಯಲ್ಲಿ ಕಡುಬು ಇತ್ತಾ? ಹೇಳ್ಬಾರ್ದಿತ್ತಾ ಮಾರಾಯ್ರೆ?"

"ಹೇಳಿದ್ರೆ ನೀನು ನಿಲ್ಲಿಸ್ತಿದ್ದಿ," ಎಂದರು ಆಲ್ಫ್ರೆಡ್ ಬಾಬ್, ಕಣ್ಣು ತೆರೆಯದೆ. "ನನ್ನ ಮಾವನೂ ಓಡ್ತಿದ್ದ. ಟ್ರಿನಿಡಾಡಲ್ಲಿ ಎಲ್ಲರೂ ಓಡ್ತಾರೆ. ಕಲ್ಯಾಣಪುರದಲ್ಲಿ ಯಾರೂ ಓಡ್ಲಿಲ್ಲ. ಮುಂಬಯಿಯಲ್ಲಿ ಓಡಿದವನನ್ನು ಬ್ಯಾಂಡಿನಿಂದ ತೆಗೀತಾರೆ. ನನಗೆ ನೀನೊಬ್ಬ ಸಿಕ್ಕಿದ್ದು."

ಗಂಜಿ ಬಿಸಿಮಾಡಿದೆ, ಒಣಮೀನು ಸುಟ್ಟೆ. ಮೂವರೂ ಚೆನ್ನಾಗಿ ಉಂಡೆವು.

ಇದೆಲ್ಲ ಆಗಿ ಎರಡು ವರ್ಷ ಕಳೆಯಿತು. ಆಲ್ಫ್ರೆಡ್ ಬಾಬ್ ರೂವಿಯ ಅಂಗಡಿಯಲ್ಲಿ ಕೀಬೋರ್ಡು ಮಾರುತ್ತಾರೆ, ಯಾವ ಗುಂಡಿ ಏನು ಮಾಡುತ್ತದೆ ಎಂದು ಶಾಲೆಯ ಮಕ್ಕಳಿಗೆ ತೋರಿಸಿಕೊಡುತ್ತಾರೆ. ಶುಕ್ರವಾರ ಇಗರ್ಜಿಯಲ್ಲಿ ಮಾತ್ರ ನುಡಿಸುವುದು. ಲಾಂಜಿಗೆ ಒಂದು ಸಲವೂ ಬಂದಿಲ್ಲ. ಕರೆದರೆ, ಅಂಗಡಿ ಮುಚ್ಚುವಾಗ ತಡವಾಗುತ್ತದೆ ಎನ್ನುತ್ತಾರೆ. ಅದು ಅವರಿಗೆ ಎಷ್ಟು ಕಷ್ಟವೋ ನಾನು ಕೇಳಿಲ್ಲ, ಅವರು ಹೇಳಿಲ್ಲ. ಊರಿಗೆ ಹೋದಾಗ ಶಿರ್ವಕ್ಕೆ ಹೋಗಿ ಪಿಯುಸ್‌ನ ಮನೆಯಲ್ಲಿ ಊಟ ಮಾಡಿ ಬಂದರು ಎಂದು ವಿಕ್ಟೋರಿಯಾ ಬಾಯಿ ಬರೆದಿದ್ದರು.

ಸ್ಟ್ಯಾನ್ಲಿಯ ಓಟ ಬದಲಾಗುತ್ತ ಬಂದಿದೆ. ಮೊದಲು ಓಡುತ್ತಿದ್ದಲ್ಲಿ ಈಗ ಓಡುವುದಿಲ್ಲ, ಇನ್ನೆಲ್ಲೋ ಓಡುತ್ತಾನೆ. ಪೆಟ್ಟಿಗೆ ಹಳೆಯ ಜಾಗದಲ್ಲೇ ಓಡಿ ಇವನನ್ನು ಬಿಟ್ಟುಹೋಗುತ್ತದೆ. ಹಾಗಾದ ಮರುದಿನ ಫ್ಲಾಪಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ರೂವಿಯ ಅಂಗಡಿಗೆ ಹೋಗುತ್ತಾನೆ. ಡಾಲಿಯನ್ನು ಎತ್ತಿಕೊಂಡು ನಾನೂ ಒಮ್ಮೆ ಹೋಗಿದ್ದೆ. ಗಿರಾಕಿ ಇಲ್ಲದ ಹೊತ್ತು. ಆಲ್ಫ್ರೆಡ್ ಬಾಬ್ ಕೌಂಟರಿನ ಮೇಲೆ ಎರಡು ದಪ್ಪ ಕ್ಯಾಟಲಾಗ್ ಇಟ್ಟು, ಸ್ಟ್ಯಾನ್ಲಿಯ ಕೈಗೆ ಕೋಲು ಕೊಟ್ಟು, ಒಂದು ಕೀಬೋರ್ಡಿನ ಮುಂದೆ ಕೂತರು.

"ಬಾರಿಸು," ಎಂದರು. "ಈ ಸಲ ಎಲ್ಲಿ ಓಡ್ತಿ, ನೋಡುವ."